ಎರೆಹೊಲದಿಂದ ಲಿವರ್‌ಪೂಲಿಗೆ

ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಿಂದ ಸರಕು ಹೇರಿಕೊಂಡು ಪಿ.ಬಿ. ರಸ್ತೆಗೆ ಇಳಿಯುವ ಲಾರಿ ಮರುದಿನ ಬೆಳಗಾಗುವುದರೊಳಗೆ ಕಡಲ ಬದಿಯ ಯಾವುದಾದರೂ ಬಂದರು ಮುಟ್ಟಿರುತ್ತದೆ. ನೂರಅರವತ್ತು ವರ್ಷದ ಹಿಂದೆ ಇದೇ ಸೀಮೆಯ ಸರಕು ಕಡಲು ಕಾಣಲು ಚಕ್ಕಡಿ ಏರಬೇಕಿತ್ತು. ಆ ಸರಕು ಹತ್ತಿ. ಅದು ಹೋಗಿ ಸೇರುತ್ತಿದ್ದ ಊರು ಇಂಗ್ಲೆಂಡಿನ ಲಿವರ್‌ಪೂಲ್. ನಡುವಿನ ನೀರಿನ ದಾರಿಯನ್ನೆಲ್ಲ ಕ್ರಮಿಸುತ್ತಿದ್ದದ್ದು ಹಾಯಿಹಡಗು.

ಲಿವರ್‌ಪೂಲಿನ ಹತ್ತಿ ಹಡಗುಗಳಿಗೆ ಅಸಲಿನಲ್ಲಿ ಧಾರವಾಡದ ಗೊಡವೆ ಅಷ್ಟಾಗಿ ಇರಲಿಲ್ಲ. ಹೆಚ್ಚಿನವು ಅಟ್ಲಾಂಟಿಕ್ ದಾಟಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಗುಲಾಮರು ಬಿಡಿಸಿದ ಹತ್ತಿಯನ್ನು ತುಂಬಿಕೊಂಡು ಮರಳುತ್ತಿದ್ದವು. 1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ನಿಂತವು, ಮಗ್ಗದ ಮುಂದಿನ ಜನ ಉಪವಾಸ ಬಿದ್ದರು. ಅಮೆರಿಕದ ದಾರಿ ಮುಚ್ಚಿದ ಮೇಲೆ ವ್ಯಾಪಾರಿಗಳು ಹಡಗುಗಳ ಮೂತಿಯನ್ನು ಮುಂಬಯಿ ಕಡೆ ತಿರುಗಿಸಿದರು.

ಧಾರವಾಡ ಅದಕ್ಕೆ ಒಂದಿಷ್ಟು ಸಿದ್ಧವಾಗಿಯೇ ಇತ್ತು. 1840ರ ದಶಕದಲ್ಲೇ ಇಲ್ಲಿಗೆ ಅಮೆರಿಕದಿಂದ ಬೇಸಾಯಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಎರೆಭೂಮಿಗೆ ಒಗ್ಗಿಸುವ ಪ್ರಯತ್ನ ನಡೆದಿತ್ತು. ದೇಶದ ಬಹಳ ಕಡೆ ಆ ಪ್ರಯೋಗ ಮಣ್ಣುಗೂಡಿದರೂ ಇಲ್ಲಿ ಬೇರೂರಿತು. ಪೇಟೆಯಲ್ಲಿ ಅದಕ್ಕೆ ‘ಧಾರವಾರ್ ಅಮೆರಿಕನ್’ ಎಂಬ ಹೆಸರೇ ಬಿತ್ತು. ಎಳೆ ನಾಡಹತ್ತಿಗಿಂತ ಉದ್ದ. ಆದರೆ ನಾಡಹತ್ತಿಯ ಬೀಜ ಬಿಡಿಸುವಂತೆ ಇದರ ಬೀಜ ಬಿಡಿಸಲಾಗುತ್ತಿರಲಿಲ್ಲ. ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ನಾಡಹತ್ತಿ ಹರವಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸುತ್ತ ಅರಳೆಯನ್ನೂ ಕಾಳನ್ನೂ ಬೇರೆ ಮಾಡುತ್ತಿದ್ದರು. ಅಮೆರಿಕನ್ ತಳಿಯ ಕಾಳಿಗೆ ಎಳೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಅದಕ್ಕೆ ಗರಗಸದ ಹಲ್ಲಿನ ಜಿನ್ನೇ ಬೇಕು. ಆ ಜಿನ್ನುಗಳನ್ನು ಮಾಡಿ ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೂ ನಡೆಯಿತು.

ಬೆಳೆದದ್ದಾಯಿತು, ಸಾಗಿಸುವುದು ಹೇಗೆ? ಇಲ್ಲಿಯ ಹತ್ತಿ ಕೈಗೆ ಬರುವುದು ಬೇಸಿಗೆಯ ಮೊದಲಲ್ಲಿ, ಮುಂಗಾರು ಕಡಲು ಮುಚ್ಚುವುದು ಜೂನ್‌ನಲ್ಲಿ. ಆ ಮೂರು ತಿಂಗಳೊಳಗೆ ಅಂಡಿಗೆಗಳು ಬಂದರು ಸೇರಬೇಕು. ಹುಬ್ಬಳ್ಳಿಯಿಂದ ಶಿರಸಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಘಟ್ಟದಲ್ಲಿ ಮಳೆ ಹಿಡಿದರೆ ನೆನೆದ ಅರಳೆ ಕೊಳೆತಂತೆಯೇ. ಕುಮಟೆಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಅಲ್ಲಿಂದ ಪತ್ತೇಮಾರಿಗಳು, ಅಂದರೆ ಓರೆ ಹಾಯಿಯ ಕರಾವಳಿ ನಾವೆಗಳು, ಅಂಡಿಗೆ ಹೊತ್ತು ಮುಂಬಯಿಗೆ ಹೋಗುತ್ತಿದ್ದವು.

ಮ್ಯಾಂಚೆಸ್ಟರಿನವರಿಗೆ ಮುಂಬಯಿಯ ಸುತ್ತುಬಳಸು ಬೇಡವಾಗಿತ್ತು. ಕಾರವಾರದ ಬಂದರು ಆಳವಾದದ್ದು, ಅಲ್ಲಿಂದಲೇ ನೇರವಾಗಿ ಹಡಗು ಹೊರಡಲಿ ಎಂಬುದು ಅವರ ಆಸೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಆಡಳಿತ ಬಿಟ್ಟು ಮುಂಬಯಿ ಆಡಳಿತಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಬಳಿಯ ಸದಾಶಿವಗಡಕ್ಕೆ ಯಂತ್ರಗಳನ್ನು ಕಳಿಸಿತು. ಯಂತ್ರ ಬಂದಾಗ ಘಟ್ಟದ ರಸ್ತೆಯೇ ಮುಗಿದಿರಲಿಲ್ಲ. ಜಿಲ್ಲೆಯ ಗಡಿ ಅಳಿಸಿ ಬರೆದವರಿಗೆ ಒಂದು ರಸ್ತೆ ಹೊತ್ತಿಗೆ ಮುಗಿಸಲಾಗಲಿಲ್ಲವೆಂಬುದು ಈಗ ಓದಿದರೂ ಹೊಟ್ಟೆಗೆ ಚುಚ್ಚುತ್ತದೆ.

ಹಾಗಾಗಿ ಹತ್ತಿಗೆ ಮುಂಬಯಿಯ ದಾರಿಯೇ ಉಳಿಯಿತು. ಮುಂಬಯಿಯಲ್ಲಿ ಅರಳೆಯನ್ನು ಪ್ರೆಸ್ಸಿಗೆ ಹಾಕಿ, ಕಲ್ಲಿನಂತೆ ಗಟ್ಟಿಯಾಗುವಷ್ಟು ಒತ್ತುತ್ತಿದ್ದರು. ಹತ್ತಿ ಹಗುರ, ಆದರೆ ಜಾಗ ತಿನ್ನುತ್ತದೆ. ಹಡಗಿನವರಿಗೆ ಬಾಡಿಗೆ ಹುಟ್ಟಬೇಕಾದರೆ ಬೇಲು ಚಿಕ್ಕದಾಗಬೇಕು. ಅಲ್ಲಿಂದ ಗಾಳಿಯೇ ದಾರಿ. ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರ ಸುತ್ತಿ ಅಟ್ಲಾಂಟಿಕ್‌ಗೆ ಬಂದು, ಸೇಂಟ್ ಹೆಲೆನಾ ಬದಿಯಿಂದ ಆಗ್ನೇಯದ ಗಾಳಿ ಹಿಡಿದು ಬಡಗಣಕ್ಕೆ ಏರಬೇಕು. ಸಮಭಾಜಕದ ಬಳಿ ಗಾಳಿ ಸತ್ತರೆ ಹಾಯಿ ಜೋತುಬಿದ್ದು ದಿನಗಟ್ಟಲೆ ನಿಲ್ಲಬೇಕು. ಒಟ್ಟು ಮೂರು ನಾಲ್ಕು ತಿಂಗಳ ಪಯಣ.

ಈ ಕಾಲದ ಹಡಗೊಂದಕ್ಕೆ ನಮ್ಮ ಊರಿನ ಹೆಸರೇ ಇತ್ತು. ಮುಂದೆ ಟೈಟಾನಿಕ್ ಕಟ್ಟಿದ ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಕಂಪನಿ 1864ರಲ್ಲಿ ನೀರಿಗಿಳಿಸಿದ ಕಬ್ಬಿಣದ ಹಾಯಿಹಡಗು ‘ಧಾರವಾರ್’. ಅದು ಮುಂದೆ ಲಂಡನ್ನಿನ ಜಾನ್ ವಿಲ್ಲಿಸ್ ಎಂಬ ಹಡಗು ಸಾಹುಕಾರನ ಪಾಲಾಯಿತು. ಇದೇ ವಿಲ್ಲಿಸ್‌ನ ಅಚ್ಚುಮೆಚ್ಚಿನ ಹಡಗು ‘ಟ್ವೀಡ್’. ಮುಂಬಯಿಯ ವಾಡಿಯಾ ಮನೆತನದವರು 1854ರಲ್ಲಿ ಸಾಗುವಾನಿಯಲ್ಲಿ ಕಟ್ಟಿದ ‘ಪಂಜಾಬ್’ ಎಂಬ ಯುದ್ಧನೌಕೆಯನ್ನು ಕೊಂಡು, ಉಗಿಯಂತ್ರ ಕಿತ್ತುಹಾಕಿ, ಪೂರಾ ಹಾಯಿಹಡಗು ಮಾಡಿ ಅವನು ಈ ಹೆಸರಿಟ್ಟ. ಪ್ರಸಿದ್ಧ ‘ಕಟ್ಟಿ ಸಾರ್ಕ್’ ಹಡಗಿನ ಮೈಕಟ್ಟಿಗೆ ಮಾದರಿಯಾದದ್ದೂ ಇದೇ. 1864ರಲ್ಲಿ ಪರ್ಷಿಯನ್ ಕೊಲ್ಲಿಯ ತಳಕ್ಕೆ ಟೆಲಿಗ್ರಾಫ್ ತಂತಿ ಹಾಸಿದ ಹಡಗುಗಳಲ್ಲಿ ಟ್ವೀಡ್ ಒಂದು. 1888ರಲ್ಲಿ ದಕ್ಷಿಣ ಆಫ್ರಿಕದ ಅಲ್ಗೋವಾ ಕೊಲ್ಲಿಯಲ್ಲಿ ಅದರ ಆಯುಷ್ಯ ತೀರಿತು.

ಪರ್ಷಿಯನ್ ಕೊಲ್ಲಿಯ ಆ ತಂತಿ ಹತ್ತಿ ವ್ಯಾಪಾರದ ನಡೆಯನ್ನೇ ಬದಲಿಸಿತು. ಅದಕ್ಕೂ ಮೊದಲು ಲಿವರ್‌ಪೂಲಿನ ಧಾರಣೆ ಮುಂಬಯಿ ಮುಟ್ಟಲು ಟಪಾಲು ಹಡಗು ಬರಬೇಕಿತ್ತು, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳು. ಇತ್ತ ಅಮೆರಿಕದ ಯುದ್ಧದ ನಡುವೆ ಧಾರಣೆ ಮೂರು ನಾಲ್ಕು ಪಟ್ಟು ಏರಿದ್ದಾಗ ರೈತರ ಮನೆಗೆ ರೊಕ್ಕ ಹರಿಯಿತು, ಜೊತೆಗೆ ಮೋಸವೂ ಬಂತು. ತೂಕ ಹೆಚ್ಚಿಸಲು ಅಂಡಿಗೆಯೊಳಗೆ ಕಾಳು, ಮಣ್ಣು ಸೇರಿಸುವುದು ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ವಂಚನೆ ತಡೆಗೆಂದೇ ಕಾಯ್ದೆ ತಂದಿತು. 1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದ. ಧಾರಣೆ ನೆಲಕ್ಕೆ ಬಿತ್ತು. ಮುಂಬಯಿಯಲ್ಲಿ ಬ್ಯಾಂಕುಗಳು ಮುಳುಗಿದವು. ಏರಿದ ದರ ನಂಬಿ ಸಾಲ ಮಾಡಿದ್ದ ಒಕ್ಕಲಿನವರಿಗೆ ಸಾಲ ಮಾತ್ರ ಹಾಗೇ ಉಳಿಯಿತು.

1869ರ ನವೆಂಬರ್‌ನಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಕಾಲುವೆಯ ಮುಂದಿನ ಕೆಂಪು ಸಮುದ್ರದ ಗಾಳಿ ಹಾಯಿಗೆ ಒಲಿಯುವಂಥದ್ದಲ್ಲ, ಆ ಹತ್ತಿರದ ದಾರಿ ಉಗಿಹಡಗಿನ ಪಾಲಾಯಿತು. ಇತ್ತ 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, ಹಳಿ ಗೋವೆಯ ಮರ್ಮಗೋವೆ ಬಂದರನ್ನೂ ಮುಟ್ಟಿತು. ದೇವಿಮನೆ ಘಟ್ಟ ಇಳಿಯುವ ಹತ್ತಿಯ ಚಕ್ಕಡಿಗಳು ಕಡಿಮೆಯಾದವು, ಕುಮಟೆಯ ಅಂಗಡಿಕಾರರ ವ್ಯಾಪಾರ ಇಳಿಯಿತು.

ಹೆಸರು ಮಾತ್ರ ಉಳಿಯಿತು. ಕುಮಟೆ ಹತ್ತಿ ಬೆಳೆಯುವ ಊರಲ್ಲ. ಅಲ್ಲಿ ಭತ್ತ, ತೆಂಗು, ಉಪ್ಪು, ಮೀನು. ಆದರೂ ಧಾರವಾಡ ಸೀಮೆಯ ನಾಡಹತ್ತಿ ಹಡಗು ಹತ್ತಿದ ಬಂದರಿನ ಹೆಸರಿನಿಂದಲೇ ಲಿವರ್‌ಪೂಲ್ ಪೇಟೆಯಲ್ಲಿ ‘ಕುಂಪ್ಟಾ’ ಎನಿಸಿಕೊಂಡಿತು. ಹತ್ತಿ ತಳಿಯ ಪುಸ್ತಕಗಳಲ್ಲಿ ಅದು ಇವತ್ತಿಗೂ ಕುಂಪ್ಟಾ.