ಅವರೆ ಬಳ್ಳಿ ಕಿತ್ತಿದ್ದರೆ...

ಜುಲೈ ರಜೆಗೆ ಊರಿಗೆ ಹೋದಾಗ ಅಜ್ಜಿ ನನ್ನ ಕೈಗೆ ಎರಡು ಬಗೆಯ ಬೀಜ ಕೊಟ್ಟು ಹಿತ್ತಲಿಗೆ ಅಟ್ಟಿದಳು. ಒಂದು ಬೀನ್ಸ್, ಇನ್ನೊಂದು ಅವರೆ. ಎರಡನ್ನೂ ಒಂದೇ ದಿನ ಬೇಲಿ ಪಕ್ಕದಲ್ಲಿ ಹಾಕಿದೆ.

ಬೀನ್ಸ್ ಭಾರಿ ಚುರುಕು. ಅದು ಬಳ್ಳಿಯಲ್ಲ, ಮೊಣಕಾಲೆತ್ತರದ ಗಿಡದ ತಳಿ. ಐದಾರು ವಾರಕ್ಕೆ ಹೂ, 50 ದಿನ ದಾಟುವಷ್ಟರಲ್ಲಿ ಪಲ್ಯಕ್ಕಾಗುವಷ್ಟು ಕಾಯಿ. ಇದನ್ನೇ ನಾವು ಹುರುಳಿಕಾಯಿ ಅಂತೀವಿ, ಆದರೆ ಹುರುಳಿಕಾಳಿನ ಗಿಡವೇ ಬೇರೆ. ಹಾಸ್ಟೆಲ್‌ನಲ್ಲಿ ಚಪಾತಿ ಜೊತೆ ಬಡಿಸುವ ರಾಜ್ಮಾ ಈ ಬೀನ್ಸ್ ಜಾತಿಯದ್ದೇ ಬಲಿತ ಕಾಳು ಅಂತ ಗೊತ್ತಾದಾಗ ನಾನು ನಂಬಲೇ ಇಲ್ಲ!

ಅವರೆಯದ್ದು ಬೇರೆ ಕಥೆ. ಬೇಲಿ ಹತ್ತಿತು, ಪಕ್ಕದ ಸೀಬೆ ಮರವನ್ನೂ ತಬ್ಬಿತು. ಬರೀ ಎಲೆ, ಹೂವಿನ ಸುಳಿವಿಲ್ಲ.

ಅದೇ ಹೊತ್ತಿಗೆ ರಿಸಲ್ಟ್ ಬಂತು. ಮ್ಯಾಥ್ಸ್‌ನಲ್ಲಿ ಬ್ಯಾಕ್. ಇತ್ತ ರೂಮ್‌ಮೇಟ್ ಇಂಟರ್ನ್‌ಶಿಪ್ ಸಿಕ್ಕ ಖುಷಿಗೆ ಸ್ವೀಟ್ ಹಂಚುತ್ತಿದ್ದ. ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದವನು ಸಿಟ್ಟನ್ನೆಲ್ಲ ಅವರೆ ಮೇಲೆ ತೀರಿಸಿಕೊಂಡೆ.

‘ಅಜ್ಜಿ, ಇದು ದಂಡ. ಕಿತ್ತು ಹಾಕ್ತೀನಿ.’

‘ಬೀನ್ಸ್ ನೋಡ್ಕೊಂಡು ಅವರೆ ಹೂ ಬಿಡ್ತದೇನೋ? ಚಳಿ ಬೀಳ್ಲಿ, ಸುಮ್ನಿರು.’

ಆಮೇಲೆ ಓದಿ ತಿಳಿದುಕೊಂಡೆ. ನಾಟಿ ಅವರೆ ಹೂ ಬಿಡಬೇಕಾದರೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗಬೇಕು. ಅಲ್ಲಿಯವರೆಗೆ ಎಷ್ಟು ಗೊಬ್ಬರ ಸುರಿದರೂ ಬರುವುದು ಎಲೆಯೇ. ಎಲ್ಲ ಕಾಲಕ್ಕೂ ಕಾಯಿ ಬಿಡುವ ಹೆಬ್ಬಾಳ ಅವರೆಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದೆ. ಅಜ್ಜಿಯ ಪ್ರಕಾರ ಅದಕ್ಕೆ ಸೊಗಡಿಲ್ಲವಂತೆ!

ಹಾಗಂತ ಅವರೆ ಅಷ್ಟು ದಿನ ಸುಮ್ಮನೆ ಕೂತಿರಲಿಲ್ಲ. ಬಳ್ಳಿ ಹಬ್ಬಿಸುತ್ತಿತ್ತು, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುತ್ತಿತ್ತು. ‘ನನ್ನ ಟೈಮೂ ಬರುತ್ತೆ’ ಅಂದುಕೊಂಡು ರೀಲ್ಸ್ ನೋಡುತ್ತಾ ಮಲಗಿದ್ದವನು ನಾನೊಬ್ಬನೇ.

ಡಿಸೆಂಬರ್ ಕೊನೆಗೆ ಬುಟ್ಟಿ ತುಂಬ ಅವರೆಕಾಯಿ. ಅಷ್ಟರಲ್ಲಿ ಬೀನ್ಸ್ ಗಿಡಗಳು ಒಣಗಿ ತಿಪ್ಪೆ ಸೇರಿದ್ದವು. ರಾತ್ರಿ ಎಲ್ಲರೂ ಸುತ್ತ ಕೂತು ನೆನೆಸಿದ ಕಾಳು ಹಿತಕುತ್ತಿದ್ದಾಗ ಅಪ್ಪನಿಗೆ ಬ್ಯಾಕ್ ವಿಷಯ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ. ಕಾಳು ಹಿತಕುತ್ತಲೇ ‘ಮತ್ತೆ ಪರೀಕ್ಷೆ ಯಾವಾಗ?’ ಅಂದರು.

ಮುಂದಿನ ತಿಂಗಳು. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ದಿನಕ್ಕೆ ಎರಡು ಗಂಟೆ ಲೆಕ್ಕ ಮಾಡುತ್ತಿದ್ದೇನೆ. ಬೇರು ಇಳಿಯುತ್ತಿದೆ ಅಂತ ಮಾತ್ರ ಗೊತ್ತಾಗುತ್ತಿದೆ.