ದೋಣಿಯ ಸೋರಿಕೆ: ಮೂಲ ಹುಡುಕದೆ ಮದ್ದಿಲ್ಲ

ವಿಹಾರಕ್ಕೆ ಬಳಸುವ ಫೈಬರ್ ದೋಣಿಯೊಳಗೆ ನೀರು ಸೇರುವ ದಾರಿಗಳು ಮುಖ್ಯವಾಗಿ ಮೂರು: ನೀರಿನ ಮಟ್ಟದ ಕೆಳಗಿರುವ ತೂತು ಮತ್ತು ಕೊಳವೆಗಳು, ಮೇಲಿನ ಡೆಕ್ಕು ಮತ್ತು ಕಿಟಕಿಗಳು, ದೋಣಿಯದೇ ಟ್ಯಾಂಕು ಮತ್ತು ಪೈಪುಗಳು. ನೀರು ಕಾಣಿಸಿಕೊಂಡ ಕಡೆಯೇ ಅದು ಒಳನುಗ್ಗಿರುತ್ತದೆ ಎನ್ನುವಂತಿಲ್ಲ. ಡೆಕ್ಕಿನ ಬೋಲ್ಟಿನ ಸಂದಿಯಲ್ಲಿ ಇಳಿದ ಮಳೆನೀರು ಒಳಹೊದಿಕೆಯ ಹಿಂದೆ ಹರಿದು, ಎಲ್ಲೋ ದೂರದಲ್ಲಿ ತೊಟ್ಟಿಕ್ಕಬಹುದು. ಒದ್ದೆಯಾದ ಕಡೆಗೆಲ್ಲ ಅಂಟು ಮೆತ್ತಿದರೂ ಸೋರಿಕೆ ನಿಲ್ಲದಿರುವುದಕ್ಕೆ ಇದೇ ಕಾರಣ.

ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ಸುಮಾರು 4 ಲೀಟರ್ ನೀರು ಸೇರುತ್ತದೆ. ನೀರಿನ ಮಟ್ಟದಿಂದ 60 ಸೆಂ.ಮೀ. ಕೆಳಗೆ 25 ಮಿ.ಮೀ. ಅಗಲದ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 60 ಲೀಟರ್ ನುಗ್ಗುತ್ತದೆ.

ಹುಡುಕಾಟಕ್ಕೆ ಮೊದಲು ತಳವನ್ನು ಪೂರ್ತಿ ಒರೆಸಿ ಒಣಗಿಸಬೇಕು. ಮತ್ತೆ ನೀರು ಸೇರುವ ಹೊತ್ತು ಸುಳಿವು ಕೊಡುತ್ತದೆ. ಮಳೆಯ ನಂತರವಷ್ಟೇ ಬಂದರೆ ಡೆಕ್ಕಿನದು. ಬಿಸಿಲಿನಲ್ಲಿ ಕಟ್ಟಿ ನಿಲ್ಲಿಸಿದಾಗಲೂ ಬಂದರೆ ತಳದ್ದು ಅಥವಾ ಟ್ಯಾಂಕಿನದು. ಎಂಜಿನ್ ಓಡುವಾಗ ಮಾತ್ರ ಬಂದರೆ ಪ್ರೊಪೆಲ್ಲರ್ ಶಾಫ್ಟ್ ಅಥವಾ ಕೂಲಿಂಗ್ ಪೈಪಿನದು. ಸಮುದ್ರದಲ್ಲಾದರೆ, ಗಾಜಿನ ಮೇಲೆ ಒಣಗಿದ ಹನಿ ಬಿಳಿ ಉಪ್ಪನ್ನು ಉಳಿಸಿದರೆ ಅದು ಕಡಲ ನೀರು. ಕೆರೆ, ಹಿನ್ನೀರುಗಳಲ್ಲಿ ಟ್ಯಾಂಕಿಗೆ ಅಡುಗೆ ಬಣ್ಣ ಬೆರೆಸಿ ನೋಡಬಹುದು.

ತಳದಲ್ಲಿ ಮೊದಲು ನೋಡಬೇಕಾದದ್ದು ವಾಲ್ವ್, ಹೋಸ್ ಮತ್ತು ಕ್ಲಾಂಪುಗಳು. ಪ್ರೊಪೆಲ್ಲರ್ ಶಾಫ್ಟ್ ಹೊರಹೋಗುವ ತೂತಿನ ಸೀಲು ಹಳೆಯ ಮಾದರಿಯ ಗ್ಲ್ಯಾಂಡ್ ಆಗಿದ್ದರೆ, ಎಂಜಿನ್ ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳುವುದು ಸಹಜ. ಗ್ಲ್ಯಾಂಡಿನೊಳಗಿನ ಪ್ಯಾಕಿಂಗನ್ನು ತಂಪಾಗಿಡುವುದೇ ಆ ನೀರು. ಹೆಚ್ಚಾದರೆ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಅತಿಯಾಗಿ ಬಿಗಿದರೆ ಶಾಫ್ಟ್ ಬಿಸಿಯಾಗಿ ಸವೆಯುತ್ತದೆ.

ಡೆಕ್ಕಿನ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ನೋಡುತ್ತಿದ್ದರೆ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುತ್ತಾರೆ. ಕೆಳಗಿನ ಜೋಡಣೆಯಿಂದ ಆರಂಭಿಸಿ, ಒಂದೊಂದಕ್ಕೂ ಕೆಲವು ನಿಮಿಷ ಕೊಟ್ಟು ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಮೂಲ ತಿಳಿಯುವುದಿಲ್ಲ. ಒಳಗೆ ಸೀಮೆಸುಣ್ಣದ ಪುಡಿ ಉದುರಿಸಿದ್ದರೆ ಹನಿ ಸಾಗಿದ ಗೆರೆ ಸ್ಪಷ್ಟವಾಗಿ ಮೂಡುತ್ತದೆ.

ಸೋರುವ ಬೋಲ್ಟಿಗೆ ಮೇಲಿಂದ ಅಂಟು ಬಳಿಯುವುದು ತಾತ್ಕಾಲಿಕ ಉಪಾಯ. ಜೋಡಣೆಯನ್ನು ಬಿಚ್ಚಿ, ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು. ಅನೇಕ ಡೆಕ್ಕುಗಳ ನಡುವೆ ಬಾಲ್ಸಾ ಮರದ ಪದರವಿರುತ್ತದೆ; ನೀರು ತಾಗಿದರೆ ಅದು ಕೊಳೆಯುತ್ತದೆ. ಆದ್ದರಿಂದ ತೂತನ್ನು ದೊಡ್ಡದು ಮಾಡಿ, ಒಣಗಿಸಿ, ಮಂದವಾದ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ತೂತಿನ ಬಾಯಿಯನ್ನು ಇಳಿಜಾರಾಗಿ ಕೆರೆದರೆ ಸೀಲೆಂಟ್ ಅಲ್ಲಿ ನಿಂತು ಉಂಗುರದಂತೆ ಬೋಲ್ಟನ್ನು ಸುತ್ತುತ್ತದೆ. ಬಿಚ್ಚಬೇಕಾಗಿ ಬರುವ ಜೋಡಣೆಗೆ ಬ್ಯುಟೈಲ್ ಟೇಪ್ ಒಳ್ಳೆಯದು. ಸಿಲಿಕೋನ್ ಬಳಿದ ಜಾಗದಲ್ಲಿ ಮುಂದೆ ಬೇರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ದೋಣಿಯ ಹೊರಪದರದ ಕೂದಲೆಳೆ ಬಿರುಕು ಬಹುಪಾಲು ಅಂದಗೆಡಿಸುವುದಷ್ಟೇ. ಒಳಗಿನ ಗಾಜಿನ ನೂಲೂ ಒಡೆದಿದ್ದರೆ ಸುತ್ತಲೂ ದಪ್ಪದ 12 ಪಟ್ಟು ಅಗಲಕ್ಕೆ, ಅಂದರೆ 5 ಮಿ.ಮೀ. ದಪ್ಪಕ್ಕೆ 60 ಮಿ.ಮೀ., ಇಳಿಜಾರಾಗಿ ಉಜ್ಜಿ, ಚೆನ್ನಾಗಿ ಒಣಗಿಸಿ, ಗಾಜಿನ ಬಟ್ಟೆ ಮತ್ತು ಎಪಾಕ್ಸಿಯ ಪದರಗಳನ್ನು ಕೂಡಿಸಬೇಕು.

ದುರಸ್ತಿಯ ಬಳಿಕ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ತಳದ ಪ್ರತಿ ವಾಲ್ವಿನ ಪಕ್ಕ ಅಳತೆಗೊಪ್ಪುವ ಮರದ ಬಿರಟೆಯೊಂದನ್ನು ಕಟ್ಟಿಡಬೇಕು. ಪಂಪು ಇದೆಯೆಂದು ಸಣ್ಣ ಸೋರಿಕೆಯನ್ನು ಕಡೆಗಣಿಸಬಾರದು. ಬ್ಯಾಟರಿ ಇಳಿದ ದಿನ ಪಂಪು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ.