ಗೆರೆಗಳ ಕೆಳಗಿನ ಹದಿಮೂರು ಅಕ್ಷರ

ರಬಕವಿ-ಬನಹಟ್ಟಿ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ನಗರಸಭೆ ಒಂದೇ, ತಾಲ್ಲೂಕೂ ಒಂದೇ. ಟಪಾಲಿನ ಲೆಕ್ಕದಲ್ಲಿ ಮಾತ್ರ ಅವು ಎರಡು: ರಬಕವಿ 587314, ಬನಹಟ್ಟಿ 587311. ಜಮಖಂಡಿಗೆ 587301, ಮುಧೋಳಕ್ಕೆ 587313. ಬೀಳಗಿಯ 587116ರಲ್ಲಿ ನಾಲ್ಕನೇ ಅಂಕಿಯೇ ಬೇರೆ. ಅದು ಬಾಗಲಕೋಟೆಯ 587101ರ ಸಾಲಿನದು. 1972ರ ಆಗಸ್ಟ್ 15ರಂದು ಬಂದ ಈ ಪಿನ್ ಕೋಡ್ ಟಪಾಲು ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಹೊರಟದ್ದು ಈಗ ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು. ಆ ಕೆಲಸ ಬಾರ್‌ಕೋಡಿನದು.

ಬನಹಟ್ಟಿಯಿಂದ ಸೀರೆಯೊಂದು ಸ್ಪೀಡ್ ಪೋಸ್ಟಿನಲ್ಲಿ ಹೊರಟಿತೆನ್ನಿ. ಅದರ ಮೇಲೆ ಅಂಟಿಸುವ ಚೀಟಿಯ ಕಪ್ಪು ಗೆರೆಗಳು ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಹಾಗೆ, ಕೆಲವು ದಪ್ಪ, ಕೆಲವು ಸಣ್ಣ. ಕೆಳಗೆ ಹದಿಮೂರು ಅಕ್ಷರ. ಮೊದಲಿನ ‘ಇ’ ಸ್ಪೀಡ್ ಪೋಸ್ಟಿನ ಗುರುತು, ‘ಕೆ’ ಕರ್ನಾಟಕದ್ದು. ಆಮೇಲೆ ಒಂಬತ್ತು ಅಂಕಿ, ಕೊನೆಗೆ ಭಾರತದ ‘ಐಎನ್’. ವಿಶ್ವ ಅಂಚೆ ಒಕ್ಕೂಟದ ಎಸ್10 ಎಂಬ ನಿಯಮ ಇದು. ಬೇರೆ ದೇಶಗಳ ಅಂಚೆಯವರೂ ಇದನ್ನು ಓದಬಲ್ಲರು. ಈ ಗೆರೆಗಳಲ್ಲಿ ವಿಳಾಸ ಇಲ್ಲ. ಇರುವುದು ಗಂಟಿನ ಹೆಸರು ಮಾತ್ರ. ಪಿನ್ ಕೋಡನ್ನು ಕೌಂಟರಿನ ಗುಮಾಸ್ತರು ಆ ಹೆಸರಿಗೆ ಜೋಡಿಸುತ್ತಾರೆ.

ನನಗೆ ಅತಿ ಪ್ರಿಯವಾದದ್ದು ಒಂಬತ್ತನೇ ಅಂಕಿ. ಅದು ಮೊದಲ ಎಂಟರ ಕಾವಲುಗಾರ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, ಮೊತ್ತವನ್ನು 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಬೇಕು. 10 ಬಂದರೆ 0 ಎಂದೂ 11 ಬಂದರೆ 5 ಎಂದೂ ಬರೆಯುತ್ತಾರೆ. 12345678ಕ್ಕೆ ಮೊತ್ತ 204, ಶೇಷ 6, ಕಾವಲಿನ ಅಂಕಿ 5. ಅವಸರದಲ್ಲಿ ಯಾರೋ 12354678 ಎಂದು ಒತ್ತಿದರೆ ಮೊತ್ತ 203, ಅಂಕಿ 6. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಗೆರೆಗಳಿಗೂ ಹಳೆಯ ತಾರಿಗೂ ರಕ್ತಸಂಬಂಧವಿದೆ. ಅಮೆರಿಕದ ನಾರ್ಮನ್ ವುಡ್‌ಲ್ಯಾಂಡ್ ಬಾಲಕನಾಗಿದ್ದಾಗ ಮೋರ್ಸ್ ಸಂಕೇತ ಕಲಿತಿದ್ದರು. ಮಯಾಮಿಯ ಕಡಲತೀರದಲ್ಲಿ ಕೂತು, ಅದರ ಚುಕ್ಕೆ-ಗೀಟುಗಳನ್ನು ಬೆರಳಿನಿಂದ ಮರಳಿನಲ್ಲಿ ಕೆಳಕ್ಕೆ ಎಳೆದರು. ಬಾರ್‌ಕೋಡಿನ ಕಲ್ಪನೆ ಮೂಡಿತು. ಬರ್ನಾರ್ಡ್ ಸಿಲ್ವರ್ ಜೊತೆ ಅವರಿಗೆ 1952ರಲ್ಲಿ ಪೇಟೆಂಟ್ ದೊರೆಯಿತು. ನಮ್ಮಲ್ಲಿ ತಾರು 2013ರ ಜುಲೈನಲ್ಲಿ ನಿಂತಿತು. ಅದರ ಚುಕ್ಕೆ-ಗೀಟುಗಳ ಸಂತತಿ ಪಾರ್ಸೆಲ್ಲುಗಳ ಬೆನ್ನೇರಿ ಇನ್ನೂ ಊರೂರು ಸುತ್ತುತ್ತಿದೆ.

ಸೀರೆಗೆ ಒಂದು ಬಾರ್‌ಕೋಡಾದರೆ ಅದು ಸೇರುವ ಚೀಲಕ್ಕೆ ಇನ್ನೊಂದು. ಚೀಲ ಕಟ್ಟುವಾಗ, ಇಳಿಸುವಾಗ, ಬಿಚ್ಚುವಾಗ ಯಾರಾದರೊಬ್ಬರು ಗೆರೆಗಳ ಮೇಲೆ ಬೆಳಕು ಹಾಯಿಸಲೇಬೇಕು. ಒಂದು ಕಡೆ ಕೈ ತಪ್ಪಿದರೂ ಗಂಟಿನ ಸುದ್ದಿ ಅಲ್ಲಿಗೆ ನಿಲ್ಲುತ್ತದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿ, ಕೋರ್ಟಿನ ಕಾಗದವೂ ಸೀರೆಯ ಗಂಟೂ ಒಂದೇ ದಾರಿ ಹಿಡಿದಿವೆ.

ಕೊನೆಯ ಸಲ ಬೆಳಕು ಬೀಳುವುದು ಕೊಂಡವರ ಮನೆಬಾಗಿಲಲ್ಲಿ, ಪೋಸ್ಟ್‌ಮ್ಯಾನ್ ಕೈಯ ಫೋನಿನಿಂದ. ಕೌಂಟರಿನ ರಸೀದಿಯನ್ನು ಜೋಪಾನ ಮಾಡಿದ ಬನಹಟ್ಟಿಯ ನೇಕಾರ, ಹದಿಮೂರು ಅಕ್ಷರ ಒತ್ತಿ, ತನ್ನ ಸೀರೆ ಮನೆ ಮುಟ್ಟಿದ್ದನ್ನು ಮಗ್ಗದ ಪಕ್ಕದಲ್ಲೇ ನಿಂತು ಓದಬಹುದು.